ಬೌಲ್ಡರ್‌ನಲ್ಲಿ ಎರಡು ರಾತ್ರಿ ಉಳಿಯಿರಿ

ಪ್ರಶ್ನೆ: ಊರಿಂದ ಬಂದಿರುವ ಅಪ್ಪ ಅಮ್ಮನನ್ನು ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಯೂಟಾ ರಾಜ್ಯದ ಝಯಾನ್, ಬ್ರೈಸ್, ಕ್ಯಾಪಿಟಲ್ ರೀಫ್ ರಾಷ್ಟ್ರೀಯ ಉದ್ಯಾನಗಳನ್ನು ನೋಡಿಸಲು ಕರೆದುಕೊಂಡು ಹೋಗುತ್ತಿದ್ದೇವೆ. ದಾರಿಯಲ್ಲಿ ಬೌಲ್ಡರ್ ಎಂಬ ಚಿಕ್ಕ ಊರಿದೆ, ಅಲ್ಲಿ ಉಳಿಯಿರಿ ಎಂದು ಆಫೀಸಿನ ಗೆಳೆಯರೊಬ್ಬರು ಹೇಳಿದರು. ಹುಡುಕಿದರೆ ದನ ಸಾಕುವ ಊರು ಅನ್ನುವುದು ಬಿಟ್ಟು ಹೆಚ್ಚೇನೂ ಸಿಗಲಿಲ್ಲ. ಅಪ್ಪನಿಗೆ 69 ವರ್ಷ, ತಿಪಟೂರು ಹತ್ತಿರ ತೋಟ, ಮನೆಯಲ್ಲಿ ಈಗಲೂ ಎರಡು ಹಸು ಇವೆ. ಅಮ್ಮನಿಗೆ ಮಂಡಿ ನೋವು. ಇಬ್ಬರೂ ಶುದ್ಧ ಸಸ್ಯಾಹಾರಿಗಳು. ಅಲ್ಲಿನ ದನ ಮಾಂಸಕ್ಕೆ ಎಂದು ಗೊತ್ತಾದರೆ ಅಪ್ಪ ನೊಂದುಕೊಳ್ಳುತ್ತಾರೇನೋ ಎಂಬ ಅಳುಕು. ಉಳಿಯುವಂಥದ್ದು ಅಲ್ಲಿ ಏನಿದೆ?

ಉತ್ತರ: ಉಳಿಯಿರಿ. ಒಂದಲ್ಲ, ಎರಡು ರಾತ್ರಿ. ಈ ಇಡೀ ಪ್ರವಾಸದಲ್ಲಿ ನಿಮಗಿಂತ ನಿಮ್ಮ ತಂದೆಯವರಿಗೆ ಚೆನ್ನಾಗಿ ಅರ್ಥವಾಗುವ ಜಾಗ ಅದೊಂದೇ. ಝಯಾನ್‌ನಲ್ಲಿ, ಬ್ರೈಸ್‌ನಲ್ಲಿ ನೀವು ತೋರಿಸುತ್ತೀರಿ, ಅವರು ನೋಡುತ್ತಾರೆ. ಬೌಲ್ಡರ್‌ನಲ್ಲಿ ಬೇಲಿ ನೋಡಿ, ಕಾಲುವೆ ನೋಡಿ, ಹುಲ್ಲಿನ ಬಣ್ಣ ನೋಡಿ ಅವರೇ ನಿಮಗೆ ಹೇಳತೊಡಗುತ್ತಾರೆ. ನನ್ನದು ಹುಲ್ಲುಗಾವಲಿನ ಮಣ್ಣಿನ ಕೆಲಸ, ಹಾಗಾಗಿ ಆ ಕಡೆ ಬಹಳ ವರ್ಷದಿಂದ ಓಡಾಡಿದ್ದೇನೆ. ಅರಸೀಕೆರೆ ಕಡೆ ಬೇಸಾಯ ಮಾಡಿಕೊಂಡಿರುವ ನಮ್ಮ ಮಾವನವರನ್ನು ಕರೆದುಕೊಂಡು ಹೋದಾಗ ಆದದ್ದೂ ಇದೇ.

ಮೊದಲು ಒಂದು ಎಚ್ಚರ. ಫೋನಿನ ನಕ್ಷೆಯಲ್ಲಿ ಬರೀ ಬೌಲ್ಡರ್ ಎಂದು ಒತ್ತಿದರೆ ಅದು ಕೊಲೊರಾಡೋ ರಾಜ್ಯದ ದೊಡ್ಡ ನಗರಕ್ಕೆ ದಾರಿ ತೋರಿಸುತ್ತದೆ. ನಿಮಗೆ ಬೇಕಾದದ್ದು ಯೂಟಾದ ಗಾರ್ಫೀಲ್ಡ್ ಕೌಂಟಿಯ ಬೌಲ್ಡರ್. 2020ರ ಜನಗಣತಿಯಲ್ಲಿ ಅಲ್ಲಿದ್ದವರು 227 ಜನ.

ಬ್ರೈಸ್‌ನಿಂದ ಹೈವೇ 12 ಹಿಡಿದು ಎಸ್ಕಲಾಂಟೆ ಊರು ದಾಟಿ ಬಂದರೆ ಎರಡು ಗಂಟೆಯೊಳಗೆ ಬೌಲ್ಡರ್ ಸಿಗುತ್ತದೆ. ಎಸ್ಕಲಾಂಟೆಯಿಂದ ಮುಂದಿನ 27 ಮೈಲಿಯನ್ನು ಮಾತ್ರ ಹಗಲಲ್ಲೇ, ನಿಧಾನವಾಗಿ ಓಡಿಸಿ. ಬಿಳಿ, ತಿಳಿಗೆಂಪು ಬಂಡೆಯ ಸಮುದ್ರದ ಮೇಲೆ ರಸ್ತೆ ಇಳಿಯುತ್ತದೆ, ಹೊಳೆ ದಾಟುತ್ತದೆ, ಮತ್ತೆ ಏರುತ್ತದೆ. ಹಾಗ್‌ಬ್ಯಾಕ್ ಎಂಬಲ್ಲಿ ರಸ್ತೆಯ ಅಗಲದಷ್ಟೇ ಇರುವ ದಿಣ್ಣೆಯ ನೆತ್ತಿಯ ಮೇಲೆ ಕಾರು ಹೋಗುತ್ತದೆ, ಎರಡೂ ಕಡೆ ಪ್ರಪಾತ. ಎತ್ತರ ಕಂಡರೆ ಅಮ್ಮನಿಗೆ ಭಯವಾಗುವುದಿದ್ದರೆ ಅದು ಬರುವ ಮೊದಲೇ ಹೇಳಿ, ಬಂದಮೇಲಲ್ಲ. ಆ ಬಂಡೆಗಳು ಒಂದು ಕಾಲದ ಮರಳುಗುಡ್ಡಗಳು. ಸುಮಾರು 19 ಕೋಟಿ ವರ್ಷದ ಹಿಂದೆ ಗಾಳಿ ಒಟ್ಟಿದ ಮರಳು ಗಟ್ಟಿಯಾಗಿ ಕಲ್ಲಾದದ್ದು. ಗಾಳಿ ಬೀಸಿದ ದಿಕ್ಕು ಓರೆ ಗೆರೆಗಳಾಗಿ ಕಲ್ಲಿನ ಮೈಮೇಲೆ ಇವತ್ತಿಗೂ ಉಳಿದಿದೆ.

ಈ ರಸ್ತೆಯಿಂದಲೇ ಊರು ಅರ್ಥವಾಗುತ್ತದೆ. 1880ರ ದಶಕದ ಕೊನೆಗೆ ದನ ಹೊಡೆದುಕೊಂಡು ಬಂದವರು ಇಲ್ಲಿ ನೆಲೆ ನಿಂತರು. ಆದರೆ ಹೊರಲೋಕಕ್ಕೆ ಸರಿಯಾದ ದಾರಿಯೇ ಇರಲಿಲ್ಲ. ಅಂಚೆ ಬರುತ್ತಿದ್ದದ್ದು ಹೇಸರಗತ್ತೆಯ ಮೇಲೆ. ಊರಿನ ಹಾಲಿನ ಕೆನೆ ಕ್ಯಾನುಗಳಲ್ಲಿ ಎಸ್ಕಲಾಂಟೆಗೆ ಹೋಗುತ್ತಿದ್ದದ್ದೂ ಹೇಸರಗತ್ತೆಯ ಮೇಲೆಯೇ. ಒಂದು ಮೋಟಾರು ಗಾಡಿಯನ್ನು ಬಿಡಿ ಭಾಗಗಳಾಗಿ ಕಳಚಿ, ಹೇಸರಗತ್ತೆಗಳ ಮೇಲೆ ಹೇರಿ ತಂದು ಇಲ್ಲಿ ಜೋಡಿಸಿದರು ಎಂದು ಊರಲ್ಲಿ ಈಗಲೂ ಹೇಳುತ್ತಾರೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದ ಯುವಕರಿಗೆ ಸರ್ಕಾರ ಕೂಲಿ ಕೊಟ್ಟು ರಸ್ತೆ ಕಡಿಸಿತು. ವರ್ಷಪೂರ್ತಿ ಗಾಡಿ ಓಡುವ ದಾರಿ ತೆರೆದದ್ದು 1940ರಲ್ಲಿ. ಊರಿನ ಉತ್ತರಕ್ಕೆ ಬೆಟ್ಟ ಹತ್ತಿ ಟೋರಿ ಎಂಬ ಊರಿಗೆ ಹೋಗುವ ರಸ್ತೆಗೆ ಡಾಂಬರು ಪೂರ್ತಿಯಾದದ್ದು 1985ರಲ್ಲಿ. ಇಷ್ಟು ಕಾಲ ತಮ್ಮ ಪಾಡಿಗೆ ತಾವಿದ್ದ ಜನ ಇವರು. ಮಾತು ಕಡಿಮೆ, ಆದರೆ ನಿಮ್ಮ ಗಾಡಿ ಕೆಟ್ಟು ನಿಂತರೆ ದಾಟಿ ಹೋಗುವವರಲ್ಲ.

ಹೆಸರಿನ ಕಾರಣವನ್ನು ಊರಿಗೆ ಹೋದಾಗ ನೀವೇ ನೋಡುತ್ತೀರಿ. ಬಿಳಿ ಬಂಡೆಯ ಮೇಲೆ, ಹಸಿರು ಗದ್ದೆಯ ನಡುವೆ, ಎಲ್ಲೆಂದರಲ್ಲಿ ಕಪ್ಪು ಗುಂಡುಕಲ್ಲು. ಅವು ಆ ನೆಲದವಲ್ಲ. ಹಿಂದಿರುವ ಬೌಲ್ಡರ್ ಬೆಟ್ಟದ ನೆತ್ತಿ ಲಾವಾ ಹರಿದು ಗಟ್ಟಿಯಾದ ಕಲ್ಲು, 11,000 ಅಡಿಗೂ ಮೇಲಿದೆ. ಅಲ್ಲಿಂದ ಕಳಚಿ ಬಂದ ಕಲ್ಲುಗಳಿವು.

ಊರನ್ನು ಬದುಕಿಸಿರುವುದೂ ಅದೇ ಬೆಟ್ಟ. ಕೆಳಗೆ ವರ್ಷಕ್ಕೆ ಬೀಳುವ ಮಳೆ ಹತ್ತು ಹನ್ನೊಂದು ಇಂಚು, ನಿಮ್ಮ ತಿಪಟೂರಿನ ಅರ್ಧವೂ ಇಲ್ಲ. ಮೇಲೆ ಚಳಿಗಾಲವೆಲ್ಲ ಹಿಮ ಕೂರುತ್ತದೆ, ವಸಂತದಲ್ಲಿ ಕರಗಿ ಹಳ್ಳಗಳಾಗಿ ಇಳಿಯುತ್ತದೆ. ಆ ನೀರನ್ನು ಹಂಚಿಕೊಂಡು ಜನ ಮೇವು ಬೆಳೆಯುತ್ತಾರೆ. ಯೂಟಾದಲ್ಲಿ ನೀರಿನ ಹಕ್ಕು ಮೊದಲು ಬಳಸಿದವನಿಗೆ ಮೊದಲು ಸಲ್ಲುತ್ತದೆ. ಬರ ಬಿದ್ದ ವರ್ಷ ಹಳೇ ಹಕ್ಕಿನವನ ಗದ್ದೆ ತುಂಬಿದ ಮೇಲೆಯೇ ಹೊಸಬನಿಗೆ. ಆಲ್ಫಾಲ್ಫಾ ಎಂಬ ಮೇವಿನ ಬೆಳೆಯ ಅಂಚಿನಲ್ಲಿ ನಿಂತು ನಮ್ಮ ಮಾವನವರು ಒಂದು ಎಲೆ ತಿಕ್ಕಿ ಮೂಸಿ, “ಇದು ಕುದುರೆ ಮಸಾಲೆ ಅಲ್ವೇನಪ್ಪಾ” ಅಂದರು. ಹೌದು, ನಮ್ಮಲ್ಲಿ ಹಾಲಿನ ಹಸುವಿಗೆ ಹಾಕುವ ಅದೇ ಸೊಪ್ಪು. ಅದಾದ ಮೇಲೆ ಅವರಿಗೆ ನನ್ನ ವಿವರಣೆ ಬೇಕಾಗಲಿಲ್ಲ. ಎಷ್ಟು ಕೊಯ್ಲು, ನೀರು ಎಷ್ಟು ದಿನಕ್ಕೊಮ್ಮೆ, ಸೊಪ್ಪು ಹಸಿಯಾಗಿ ತಿಂದು ಹೊಟ್ಟೆ ಉಬ್ಬರಿಸಿದರೆ ಏನು ಮಾಡುತ್ತಾರೆ, ಹೀಗೆ ಅವರ ಪ್ರಶ್ನೆಗಳನ್ನು ಇಂಗ್ಲಿಷಿಗೆ ಹಾಕುವುದಷ್ಟೇ ನನ್ನ ಕೆಲಸವಾಯಿತು. ಬೇಲಿ ಆಚೆ ನಿಂತಿದ್ದ ರೈತ ಅರ್ಧ ಗಂಟೆ ಮಾತಾಡಿದ. ಆ ಊರಿನಲ್ಲಿ ಅದು ಅಪರೂಪ.

ಇನ್ನು ದನದ ವಿಷಯ. ಇಲ್ಲಿನ ದನ ಕೊಟ್ಟಿಗೆಯ ದನವಲ್ಲ. ಬೇಸಿಗೆ ಬಂದಂತೆ ಬೆಟ್ಟ ಹತ್ತುತ್ತವೆ, ಶರತ್ಕಾಲಕ್ಕೆ ಇಳಿಯುತ್ತವೆ, ಚಳಿಗಾಲದಲ್ಲಿ ಕಮರಿಗಳ ನಡುವಿನ ಬೆಚ್ಚಗಿನ ಮರುಭೂಮಿಯಲ್ಲಿ ಇರುತ್ತವೆ. ಮೇಯುವ ನೆಲದ ಬಹುಪಾಲು ಸಾಕುವವನದಲ್ಲ, ಕೇಂದ್ರ ಸರ್ಕಾರದ್ದು. ನಿಮ್ಮ ತಂದೆಯವರಿಗೆ ಗೋಮಾಳ ಎಂದು ಹೇಳಿ, ಥಟ್ಟನೆ ತಿಳಿಯುತ್ತದೆ. ಒಂದೇ ವ್ಯತ್ಯಾಸ, ಇಲ್ಲಿ ಗೋಮಾಳಕ್ಕೆ ಪರವಾನಗಿ ಇದೆ, ಲೆಕ್ಕ ಇದೆ. 1934ರ ಕಾಯಿದೆಯೊಂದು ಬರುವ ಮೊದಲು ಯಾರು ಎಷ್ಟು ದನ ಬೇಕಾದರೂ ಬಿಡಬಹುದಿತ್ತು, ಹುಲ್ಲು ಬುಡ ಸಮೇತ ಹೋಗಿತ್ತು. ಈಗ ಯಾರ ದನ, ಎಷ್ಟು, ಯಾವ ತಿಂಗಳು, ಯಾವ ಪಟ್ಟಿಯಲ್ಲಿ ಎಂಬುದು ಕಾಗದದ ಮೇಲಿರುತ್ತದೆ. ಒಂದು ಹಸು, ಅದರ ಕರು, ಒಂದು ತಿಂಗಳ ಮೇವು, ಇಷ್ಟು ಸೇರಿ ಲೆಕ್ಕದ ಒಂದು ಘಟಕ. 2019ರಿಂದ 2025ರವರೆಗೆ ಅದಕ್ಕೆ 1 ಡಾಲರ್ 35 ಸೆಂಟ್ ಶುಲ್ಕವಿತ್ತು. ತೀರಾ ಅಗ್ಗ, ಸಾರ್ವಜನಿಕ ಆಸ್ತಿಯನ್ನು ಪುಕ್ಕಟೆ ಕೊಟ್ಟಂತೆ ಎಂದು ಪರಿಸರದವರು ಹೇಳುತ್ತಾರೆ. ಬೇಲಿ, ನೀರಿನ ತೊಟ್ಟಿ, ಕಳೆದುಹೋದ ದನ ಎಲ್ಲ ನಮ್ಮ ತಲೆಯ ಮೇಲೆಯೇ ಅಲ್ಲವೇ ಎಂದು ಸಾಕುವವರು ಕೇಳುತ್ತಾರೆ. ನಾನು ಎರಡೂ ಕಡೆಯವರ ಜೊತೆ ಕೂತಿದ್ದೇನೆ. ಶುಲ್ಕ ಕಡಿಮೆಯೇ. ಆದರೆ ಒಂದು ಹಸು ಹೊಟ್ಟೆ ತುಂಬಿಸಿಕೊಳ್ಳಲು ಹತ್ತಾರು ಎಕರೆ ನಡೆಯಬೇಕಾದ ನೆಲದಲ್ಲಿ ಇದನ್ನು ಲಾಭದ ಕಸುಬು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ನೀವು ಅಳುಕಿನಿಂದ ಕೇಳಿದ ಪ್ರಶ್ನೆಗೆ ನೇರವಾಗಿಯೇ ಹೇಳುತ್ತೇನೆ. ಹೌದು, ಮಾಂಸಕ್ಕೇ. ಕಪ್ಪು ಆಂಗಸ್, ಕೆಂಪು ಮೈಗೆ ಬಿಳಿ ಮುಖದ ಹೆರ್‌ಫೋರ್ಡ್, ಈ ತಳಿಗಳ ಹಾಲು ಕರೆಯುವುದಿಲ್ಲ. ಹಾಲೆಲ್ಲ ಕರುವಿಗೇ. ಎಷ್ಟು ಲೀಟರ್ ಕೊಡುತ್ತೆ ಎಂದು ನಿಮ್ಮ ತಂದೆಯವರು ಕೇಳಿಯೇ ಕೇಳುತ್ತಾರೆ, ಉತ್ತರ ಇದು. ತಾಯಿ ಹಸುವನ್ನು ಎಂಟು ಹತ್ತು ವರ್ಷ ಇಟ್ಟುಕೊಳ್ಳುತ್ತಾರೆ. ಕರುಗಳನ್ನು ಸುಮಾರು ಏಳೆಂಟು ತಿಂಗಳಿಗೆ ತೂಕದ ಮೇಲೆ ಮಾರುತ್ತಾರೆ, ಅವು ಕಾಳು ತಿನ್ನಿಸಿ ಕೊಬ್ಬಿಸುವ ದೊಡ್ಡ ದೊಡ್ಡಿಗಳಿಗೆ ಹೋಗುತ್ತವೆ. ಮಾರುವ ಮುಂಚೆ ತಾಯಿಯಿಂದ ಬೇರೆ ಮಾಡಿದಾಗ ಎರಡು ಮೂರು ದಿನ ಊರೆಲ್ಲ ಹಸುಗಳ ಕೂಗು. ಆ ಕೂಗನ್ನು ನಿಮ್ಮ ತಂದೆಯವರಿಗೆ ಯಾರೂ ವಿವರಿಸಬೇಕಿಲ್ಲ. ಅದು ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ, ಅದರಿಂದಾಚೆಗೂ ಇರಬಹುದು. ನೀವು ಹೋಗುವ ವಾರ ಬಹುಶಃ ಇರುವುದಿಲ್ಲ.

ಇದನ್ನು ಅವರಿಂದ ಮುಚ್ಚಿಡಬೇಡಿ, ಹೊರಡುವ ಮುಂಚೆಯೇ ಹೇಳಿ. ಅಲ್ಲಿ ಹೋದಮೇಲೆ ಹೋಟೆಲಿನ ಫಲಕ ನೋಡಿ ಗೊತ್ತಾದರೆ ಮಗನೇ ಮರೆಮಾಚಿದ ಎನ್ನುವ ನೋವೂ ಸೇರಿಕೊಳ್ಳುತ್ತದೆ. ನಮ್ಮ ಮಾವನವರಿಗೆ ನಾನು ಮೊದಲೇ ಹೇಳಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾವೂ ಹೋರಿಕರು ಸಂತೆಗೆ ಹೊಡೆದಿದ್ದೀವಲ್ಲ, ಅಲ್ಲಿಂದ ಮುಂದೆ ಎಲ್ಲಿಗೆ ಹೋಯಿತು ಅಂತ ಕೇಳಿದ್ದೀವಾ” ಅಂದರು. ಒಪ್ಪಿದರು ಎಂದು ನಾನು ಹೇಳುತ್ತಿಲ್ಲ, ಅವರು ಒಪ್ಪಲಿಲ್ಲ. ಆದರೆ ಹಿಮದಲ್ಲಿ ರಾತ್ರಿಯೆಲ್ಲ ಎದ್ದು ಕರು ಹಾಕಿಸುವ ಮನುಷ್ಯನ ಕೈ ನೋಡಿ ಅವರಿಗೆ ಗೌರವ ಬಂತು. ನಿಮ್ಮ ತಂದೆಯವರು ಹೇಗೆ ತೆಗೆದುಕೊಳ್ಳುತ್ತಾರೋ ಅದು ಅವರಿಗೆ ಬಿಟ್ಟದ್ದು. ಅವರು ಬೇಡ ಎಂದರೆ ಬೇರೆ ದಾರಿ ಹಿಡಿಯಿರಿ, ಒತ್ತಾಯ ಬೇಡ.

ಒಂದು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ಕರು ಕಂಡರೆ ಕೈಚಾಚಿ ಹತ್ತಿರ ಹೋಗುವುದು ನಮ್ಮವರ ಸ್ವಭಾವ. ಇಲ್ಲಿ ಹೋಗಕೂಡದು. ಈ ಹಸುಗಳಿಗೆ ಮನುಷ್ಯನ ಕೈಬಳಕೆ ಇಲ್ಲ. ಕರುವಿನ ಮತ್ತು ತಾಯಿಯ ನಡುವೆ ನಿಂತರೆ ತಾಯಿ ನುಗ್ಗುತ್ತದೆ, ಐನೂರು ಕೆಜಿ ಮೈ. ಬೇಲಿ ಆಚೆಯಿಂದಲೇ ನೋಡಲಿ.

ಬೇಲಿ ಅಂದ ಮೇಲೆ ಗೇಟು. ಕವಲು ರಸ್ತೆಗಳಲ್ಲಿ ತಂತಿ ಬೇಲಿಯ ಗೇಟುಗಳು ಸಿಗುತ್ತವೆ. ಮುಚ್ಚಿದ್ದರೆ ದಾಟಿ ಮತ್ತೆ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ನನ್ನ ಮೊದಲ ವರ್ಷ, ತೆರೆದಿದ್ದ ಗೇಟನ್ನು ಯಾರೋ ಮರೆತಿದ್ದಾರೆ ಎಂದು ಒಳ್ಳೆಯ ಮನಸ್ಸಿನಿಂದಲೇ ಮುಚ್ಚಿ ಬಂದೆ. ಅದು ದನಗಳು ನೀರಿಗೆ ಹೋಗುವ ದಾರಿಯಾಗಿತ್ತು. ಮರುದಿನ ಮಧ್ಯಾಹ್ನದವರೆಗೆ ಅವು ಬಾಯಾರಿ ಬೇಲಿಗೆ ಒರಗಿಕೊಂಡು ನಿಂತಿದ್ದವಂತೆ. ಆ ಮನೆಯವರು ನನ್ನನ್ನು ಬೈಯಲಿಲ್ಲ, ಹೇಳಿದರು ಅಷ್ಟೇ. ಇವತ್ತಿಗೂ ಅದು ನನ್ನ ಮನಸ್ಸಿನಲ್ಲಿ ಚುಚ್ಚುತ್ತದೆ. ಡಾಂಬರು ರಸ್ತೆಯಲ್ಲಿ ಗೇಟಿನ ಬದಲು ಕಬ್ಬಿಣದ ಕೊಳವೆಗಳನ್ನು ಅಡ್ಡಕ್ಕೆ ಹಾಸಿದ ಗುಂಡಿಗಳಿರುತ್ತವೆ. ಕಾರು ಗಡಗಡ ದಾಟುತ್ತದೆ, ಗೊರಸು ಸಿಕ್ಕಿಕೊಳ್ಳುವ ಭಯಕ್ಕೆ ದನ ದಾಟುವುದಿಲ್ಲ. ಅದು ದಾಟಿದಿರಿ ಎಂದರೆ ರಸ್ತೆಯ ಮೇಲೂ ದನ ಇರಬಹುದು ಎಂದೇ ಅರ್ಥ. ಕತ್ತಲಲ್ಲಿ ಕಪ್ಪು ಆಂಗಸ್ ಕಣ್ಣಿಗೆ ಬೀಳುವುದೇ ಇಲ್ಲ, ಮುಸ್ಸಂಜೆಗೆ ಜಿಂಕೆಗಳೂ ಇಳಿಯುತ್ತವೆ. ಅದಕ್ಕೇ ಹೊತ್ತು ಮುಳುಗುವ ಮೊದಲು ಊರು ಸೇರಿಕೊಳ್ಳಿ ಎನ್ನುವುದು.

ಅದೃಷ್ಟವಿದ್ದರೆ ಆ ವಾರ ಬೆಟ್ಟದಿಂದ ದನ ಇಳಿಸುವುದೂ ಎದುರಾಗಬಹುದು. ಕುದುರೆ ಸವಾರರು, ನಾಯಿಗಳು, ರಸ್ತೆ ತುಂಬ ದನ. ಕಾರು ಪಕ್ಕಕ್ಕೆ ನಿಲ್ಲಿಸಿ, ಹಾರನ್ ಮುಟ್ಟಬೇಡಿ, ಸವಾರರು ಕೈ ಮಾಡುವವರೆಗೆ ಕಾಯಿರಿ. ಎದುರು ಬರುವ ಪಿಕಪ್ಪಿನವರು ಸ್ಟಿಯರಿಂಗ್ ಮೇಲಿಂದ ಒಂದು ಬೆರಳೆತ್ತುತ್ತಾರೆ, ಅದು ಅಲ್ಲಿನ ನಮಸ್ಕಾರ, ನೀವೂ ಎತ್ತಿ. ನಿಮ್ಮ ಹತ್ತಿರ ಎಷ್ಟು ದನ ಇವೆ ಎಂದು ಮಾತ್ರ ಯಾರನ್ನೂ ಕೇಳಬೇಡಿ, ತಂದೆಯವರಿಗೂ ಹೇಳಿಡಿ. ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳಿದ ಹಾಗೆ ಅದು. ಮಳೆ ಹೇಗಿತ್ತು, ಹುಲ್ಲು ಹೇಗಿದೆ ಎಂದು ಕೇಳಲಿ.

ಇನ್ನೊಂದು ವಿಷಯಕ್ಕೂ ನೀವಾಗಿ ಕೈ ಹಾಕಬೇಡಿ. 1996ರ ಸೆಪ್ಟೆಂಬರ್ 18ರಂದು ಅಧ್ಯಕ್ಷ ಕ್ಲಿಂಟನ್ ಈ ಊರಿನ ಸುತ್ತಲಿನ ಸುಮಾರು 17 ಲಕ್ಷ ಎಕರೆಯನ್ನು ಗ್ರ್ಯಾಂಡ್ ಸ್ಟೇರ್‌ಕೇಸ್-ಎಸ್ಕಲಾಂಟೆ ರಾಷ್ಟ್ರೀಯ ಸ್ಮಾರಕ, ಅಂದರೆ ವಿಶೇಷ ರಕ್ಷಣೆಯ ಸರ್ಕಾರಿ ನೆಲ, ಎಂದು ಘೋಷಿಸಿದರು. ಘೋಷಿಸಿದ್ದು ಯೂಟಾದಲ್ಲಿ ನಿಂತಲ್ಲ, ಪಕ್ಕದ ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್ ಅಂಚಿನಲ್ಲಿ ನಿಂತು. ನಮ್ಮನ್ನು ಒಂದು ಮಾತು ಕೇಳಲಿಲ್ಲ ಎಂಬ ನೋವು ಹಳಬರಲ್ಲಿ ಇನ್ನೂ ಆರಿಲ್ಲ, ಮೇಯಿಸುವ ಹಕ್ಕು ಮುಂದುವರಿದಿದ್ದರೂ. 2017ರಲ್ಲಿ ಟ್ರಂಪ್ ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದರು, 2021ರಲ್ಲಿ ಬೈಡನ್ ಮತ್ತೆ ಪೂರ್ತಿ ಮಾಡಿದರು. ಪ್ರವಾಸಿಗರನ್ನು ನಂಬಿದ ಮನೆ, ದನವನ್ನು ನಂಬಿದ ಮನೆ ಅಕ್ಕಪಕ್ಕದಲ್ಲೇ ಇವೆ. ನನ್ನ ಕೆಲಸ ಮಣ್ಣಿನದ್ದು, ಹಾಗಾಗಿ ಆ ನೆಲಕ್ಕೆ ರಕ್ಷಣೆ ಬೇಕು ಎನ್ನುವವನು ನಾನು. ಆದರೆ ಕೇಳದೆ ಮಾಡಿದ್ದು ತಪ್ಪು ಎಂದೂ ಅಷ್ಟೇ ಗಟ್ಟಿಯಾಗಿ ನಂಬಿದ್ದೇನೆ.

ಮಣ್ಣಿನ ಮಾತು ಬಂತು, ಅಮ್ಮನವರಿಗೂ ಹೇಳಿ. ದಾರಿ ಬಿಟ್ಟರೆ ಕೆಂಪು ಮರಳಿನ ಮೇಲೆ ಕಪ್ಪಗೆ, ಉಬ್ಬುಬ್ಬಾಗಿ, ಸುಟ್ಟ ರೊಟ್ಟಿಯ ಹಾಗೆ ಕಾಣುವ ಪದರ ಇರುತ್ತದೆ. ಕೊಳೆಯಲ್ಲ, ಜೀವ ಅದು. ಸೂಕ್ಷ್ಮಾಣುಗಳು, ಕಲ್ಲುಹೂವು, ಹಾವಸೆ ಸೇರಿ ಮರಳನ್ನು ಹೊಲಿದು ಹಿಡಿದಿರುತ್ತವೆ. ಗಾಳಿಗೆ ನೆಲ ಹಾರದಂತೆ ತಡೆಯುವುದು, ಮಣ್ಣಿಗೆ ಸಾರಜನಕ ಕೊಡುವುದು ಅದೇ. ಒಂದು ಹೆಜ್ಜೆಗೆ ಪುಡಿಯಾಗುತ್ತದೆ, ಮತ್ತೆ ಕಟ್ಟಿಕೊಳ್ಳಲು ದಶಕಗಳೇ ಬೇಕು. ದನವೂ ತುಳಿಯುತ್ತದೆ, ನಿಜ. ಹಾಗೆಂದು ನಾವೂ ತುಳಿಯುವುದು ಬೇಡ. ಬಂಡೆಯ ಮೇಲೆ, ಹಳ್ಳದ ಮರಳಿನ ಮೇಲೆ, ಇರುವ ಕಾಲುದಾರಿಯ ಮೇಲೆ ನಡೆಯಿರಿ.

ಅಮ್ಮನವರ ಮಂಡಿಗೆ ಹೊಂದುವಂಥದ್ದು ಬರ್ ಟ್ರೇಲ್ ರಸ್ತೆ. ಊರಿನಿಂದಲೇ ಪೂರ್ವಕ್ಕೆ ಹೊರಡುತ್ತದೆ. ದನ ಹೊಡೆಯಲು ಈ ದಾರಿ ಮಾಡಿದ ಜಾನ್ ಅಟ್ಲಾಂಟಿಕ್ ಬರ್ ಎಂಬಾತನ ಹೆಸರು ಅದಕ್ಕೆ. ಅಟ್ಲಾಂಟಿಕ್ ಸಾಗರದಲ್ಲಿ ಹಡಗಿನ ಮೇಲೆ ಹುಟ್ಟಿದ್ದರಿಂದ ಆತನಿಗೆ ಆ ಹೆಸರು. ಸುಮಾರು 11 ಮೈಲಿ ಹೋದರೆ ಲಾಂಗ್ ಕ್ಯಾನ್ಯನ್, ಎರಡೂ ಕಡೆ ಕೆಂಪು ಗೋಡೆ. ಅಲ್ಲಿ ರಸ್ತೆ ಪಕ್ಕದಲ್ಲೇ ಬಂಡೆಯಲ್ಲಿ ಒಂದು ಸೀಳು, ಹಾಡುವ ಕಮರಿ ಎಂದೇ ಅದರ ಹೆಸರು. ಕಾರಿನಿಂದ ಇಳಿದು ನೂರು ಹೆಜ್ಜೆ ಇಟ್ಟರೆ ಒಳಗೆ ನೆರಳು, ತಂಪು, ಮೇಲೆ ಒಂದು ಪಟ್ಟಿ ಆಕಾಶ. ಅಮ್ಮನವರು ಹಾಡುವವರಾದರೆ ಒಂದು ದೇವರನಾಮ ಹಾಡಲಿ. ದನಿ ಕಲ್ಲಿಗೆ ತಾಗಿ ಮರಳುವ ರೀತಿಗೆ ನಮ್ಮ ಅತ್ತೆಯವರು ಅಲ್ಲಿಂದ ಕದಲಲೇ ಇಲ್ಲ. ಡಾಂಬರು 31 ಮೈಲಿಗೆ ಮುಗಿಯುತ್ತದೆ. ಅಲ್ಲಿಂದ ಹಿಂದಿರುಗಿ, ಮುಂದಿನ ಕಡಿದಾದ ಮಣ್ಣಿನ ತಿರುವುಗಳು ಈ ಪ್ರವಾಸಕ್ಕೆ ಬೇಡ.

ತಂದೆಯವರಿಗೆ ನಡೆಯುವ ಚೈತನ್ಯ ಇದ್ದರೆ ಕಾಫ್ ಕ್ರೀಕ್ ಜಲಪಾತ. ಕಾಫ್ ಎಂದರೆ ಕರುವೇ, ಹಿಂದೆ ಆ ಕಮರಿಯ ಗೋಡೆಗಳನ್ನೇ ಬೇಲಿ ಮಾಡಿಕೊಂಡು ಕರುಗಳನ್ನು ಕೂಡುತ್ತಿದ್ದರು. ಹೋಗಿ ಬರಲು 6 ಮೈಲಿ, ಏರಿಳಿತ ಕಡಿಮೆ, ಆದರೆ ಮರಳು ಕಾಲೆಳೆಯುತ್ತದೆ. ಕೊನೆಗೆ 126 ಅಡಿ ಎತ್ತರದಿಂದ ನೀರು. ಬೆಳಿಗ್ಗೆ ಎಂಟರೊಳಗೆ ಹೊರಡಿ, ತಲೆಗೆ ಎರಡು ಲೀಟರ್ ನೀರು ಇರಲಿ. ಎಸ್ಕಲಾಂಟೆ ಹತ್ತಿರ ಕವಲೊಡೆಯುವ ಹೋಲ್-ಇನ್-ದ-ರಾಕ್ ರಸ್ತೆಯ ಕಿರಿದಾದ ಕಮರಿಗಳಿಗೆ ಹಿರಿಯರನ್ನು ಕರೆದುಕೊಂಡು ಹೋಗಬೇಡಿ. ಎಲ್ಲೋ ದೂರದ ಗುಡುಗು ಮಳೆಗೆ ನಿಮ್ಮ ತಲೆಯ ಮೇಲೆ ಬಿಸಿಲಿರುವಾಗಲೇ ಅಲ್ಲಿ ಪ್ರವಾಹ ನುಗ್ಗುತ್ತದೆ. ಮಳೆಯ ಕಾಲ ಸೆಪ್ಟೆಂಬರ್‌ವರೆಗೂ ಎಳೆಯುವುದುಂಟು.

ಊರೊಳಗಿನ ಅನಸಾಜಿ ಸ್ಟೇಟ್ ಪಾರ್ಕ್ ಮ್ಯೂಸಿಯಂ ಚಿಕ್ಕದು, ಬಿಡಬೇಡಿ. ಸುಮಾರು 900 ವರ್ಷದ ಹಿಂದೆ ಇಲ್ಲಿದ್ದ ಊರಿನ ಗೋಡೆಗಳು ಅಗೆತದಲ್ಲಿ ಸಿಕ್ಕಿವೆ. ಅವರೂ ರೈತರು, ಜೋಳ, ಹುರುಳಿಕಾಯಿ, ಕುಂಬಳ ಬೆಳೆದವರು. ಅಲ್ಲಿನ ಜೋಳ ಎಂದರೆ ಮುಸುಕಿನ ಜೋಳ.

ಊಟದ ವಿಷಯ ಚುಟುಕಾಗಿ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ. ಸೆಪ್ಟೆಂಬರ್‌ನಲ್ಲಿ ಊಟದ ಜಾಗಗಳು ತೆರೆದಿರುತ್ತವೆ, ಸೊಪ್ಪು ತರಕಾರಿಯ ತಿನಿಸು ಸಿಗುತ್ತದೆ, ಆದರೆ ಬೇಯಿಸಿದ ಕಾಳಿಗೆ ಹಂದಿ ಕೊಬ್ಬು ಹಾಕಿಲ್ಲವೇ ಎಂದು ಕೇಳಿ ತಿನ್ನಿ. ಅಕ್ಕಿ, ಅವಲಕ್ಕಿ, ಚಟ್ನಿಪುಡಿ, ಮೊಸರು ಎಸ್ಕಲಾಂಟೆ ತಲುಪುವ ಮೊದಲೇ ಗಾಡಿಯಲ್ಲಿರಲಿ. ಆ ಕಡೆಯೆಲ್ಲ ಮಾರ್ಮನ್ ಎಂಬ ಕ್ರೈಸ್ತ ಪಂಥದವರು ಹೆಚ್ಚು, ಭಾನುವಾರ ಅಂಗಡಿ ಮುಚ್ಚಿರುವುದು ಸಾಮಾನ್ಯ. ಪೆಟ್ರೋಲ್ ಎಸ್ಕಲಾಂಟೆಯಲ್ಲಿ ತುಂಬಿಸಿ. ಫೋನ್ ಸಿಗ್ನಲ್ ನಂಬಬೇಡಿ, ನಕ್ಷೆ ಇಳಿಸಿಕೊಂಡಿರಿ. ಚಿಕ್ಕ ಕ್ಲಿನಿಕ್ ಎಸ್ಕಲಾಂಟೆಯಲ್ಲಿ ಇದೆ, ಆಸ್ಪತ್ರೆ ಎಂದರೆ ಪ್ಯಾಂಗ್ವಿಚ್, ಎರಡು ಗಂಟೆಯ ದಾರಿ. ಊರೇ ಸುಮಾರು 6,700 ಅಡಿ ಎತ್ತರದಲ್ಲಿದೆ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಾದರೆ ವೈದ್ಯರನ್ನು ಮೊದಲೇ ಕೇಳಿ, ಮೊದಲ ದಿನ ಆಯಾಸ ಮಾಡಿಸಬೇಡಿ.

ಮೂರನೆಯ ಬೆಳಿಗ್ಗೆ ಕ್ಯಾಪಿಟಲ್ ರೀಫ್ ಕಡೆಗೆ ಹೊರಟಾಗ ರಸ್ತೆ ಸುಮಾರು 9,600 ಅಡಿಗೆ ಏರುತ್ತದೆ. ಆ ವಾರಕ್ಕೆ ಆಸ್ಪೆನ್ ಮರಗಳು ಹಳದಿಯಾಗುತ್ತಿರುತ್ತವೆ. ದಾರಿಯಲ್ಲಿ ನೋಟದ ಕಟ್ಟೆಗಳಿವೆ, ಒಂದರಲ್ಲಿ ನಿಲ್ಲಿಸಿ ತಂದೆಯವರನ್ನು ಇಳಿಸಿ. ಬೇಸಿಗೆಯ ಹುಲ್ಲು ನಿಮ್ಮ ಬೆನ್ನ ಹಿಂದಿನ ಬೆಟ್ಟದಲ್ಲಿ, ಚಳಿಗಾಲದ ನೆಲ ಎದುರಿಗೆ ಕೆಂಪಗೆ ಹೆನ್ರಿ ಬೆಟ್ಟಗಳವರೆಗೆ. ಹಸು ವರ್ಷವಿಡೀ ನಡೆಯುವ ದಾರಿ ಎಂಥದ್ದು ಎಂದು ಅವರು ಅಲ್ಲಿಂದ ಕೈ ಮಾಡಿ ತೋರಿಸುತ್ತಾರೆ. ಬೆಳಗಿನ ಹೊತ್ತು ಅಲ್ಲಿ ಮೂಳೆ ಕೊರೆಯುವ ಚಳಿ. ಸ್ವೆಟರ್, ಮಫ್ಲರ್ ಡಿಕ್ಕಿಯ ತಳಕ್ಕೆ ಹಾಕದೆ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.